ನಿಂಬೆ ಚುಚ್ಚಿದ ಚಾಕು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವನು ನಮ್ಮ ಮಾಮಾ, ಅವ್ವನ ಅಣ್ಣ. ತೆಲಸಂಗದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನನ್ನ ಕಾಲೇಜಿನ ಚೀಲವನ್ನು ಬೋರಲು ಮಾಡಿದ್ದ. ಒಂದು ಪುಸ್ತಕ, ರೊಟ್ಟಿ ಡಬ್ಬಿ, ಮೂರು ಚಾಕು ಬಿದ್ದವು.

"ಸಾಲಿ ಕಲಿಯೋ ಹುಡುಗಿ ಚೀಲದಾಗ ಪುಸ್ತಕಕ್ಕಿಂತ ಚಾಕೂನ ಹೆಚ್ಚ ಅದಾವು. ಇಕಿ ಡಿಗ್ರಿ ತಗೊಳ್ಳೂದಿಲ್ಲ, ಜೇಲಿಗೆ ಹೋಗ್ತಾಳ," ಎಂದ.

ಮನೆಯ ಟ್ರಂಕಿನಲ್ಲಿ ಇನ್ನಷ್ಟಿದ್ದವು, ಅದು ಅವನಿಗೆ ಗೊತ್ತಿರಲಿಲ್ಲ. ಮೊದಲನೆಯದು ಸಿಕ್ಕಿದ್ದು ನಾನೂ ಅವ್ವನೂ ರವಿವಾರ ಕೂಲಿಗೆ ಹೋಗುತ್ತಿದ್ದ ದ್ರಾಕ್ಷಿ ತೋಟದಲ್ಲಿ. ಕಸಿ ಕಟ್ಟುವವರು ಹಿಡಿ ಸಡಿಲಾಯಿತೆಂದು ಎಸೆದಿದ್ದರು. ತಾಮ್ರದ ತಂತಿ ಸುತ್ತಿ ಗಟ್ಟಿ ಮಾಡಿಕೊಂಡೆ. ಅಲ್ಲಿಂದ ಹುಚ್ಚು ಹತ್ತಿತು. ಕಾಗವಾಡದ ಸಂತೆಯಲ್ಲಿ ಹಿತ್ತಾಳೆ ಹಿಡಿಯ ಮಡಚುವ ಚಾಕು, ನಿಪ್ಪಾಣಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಬಿನ ಹಿಡಿಯದು. ಗೆಳತಿಯರು ಬಳೆ ಅಂಗಡಿಯ ಮುಂದೆ ನಿಂತರೆ ನಾನು ಕಂಬಾರನ ಕುಲುಮೆಯ ಮುಂದೆ. ಕಾಲೇಜಿನಲ್ಲಿ ಪೇರಲಹಣ್ಣು ಕೊಯ್ಯಬೇಕಾದರೆ ಪ್ರಾಧ್ಯಾಪಕರೂ ನನ್ನನ್ನೇ ಹುಡುಕುತ್ತಿದ್ದರು.

ಎಲ್ಲಕ್ಕೂ ದೊಡ್ಡದು, ಕಂಬಾರ ಲಾರಿಯ ಸ್ಪ್ರಿಂಗಿನ ಪಾಟಾ ಕಡಿದು ಮಾಡಿಕೊಟ್ಟ ಗೇಣುದ್ದದ ಚಾಕು. ಮಡಚುವುದಲ್ಲ. ಅದಕ್ಕೆ ಒರೆಯನ್ನು ಅಥಣಿಯಲ್ಲಿ ಚಪ್ಪಲಿ ಹೊಲಿಯುವವರ ಕೈಯಲ್ಲಿ ಮಾಡಿಸಿದೆ. ಅವರು ಕೈಯ ರೂಢಿಯಂತೆ ಚಪ್ಪಲಿಯ ಹೆಣಿಕೆಯನ್ನೇ ಹಾಕಿದ್ದರಿಂದ, ಚೀಲಕ್ಕೆ ಕಟ್ಟಿಕೊಂಡು ನಡೆದರೆ ಕರ್ರಕರ್ರ ಎನ್ನುತ್ತಿತ್ತು.

ಊರಲ್ಲಿ ಅದಕ್ಕೆ ಮಾನ ಬಂದದ್ದು ಮದುವೆಗಳಿಂದ. ನಮ್ಮ ಕಡೆ ಅರಿಷಿಣ ಹಚ್ಚಿದ ಮೇಲೆ ಮದುಮಗ ತುದಿಗೆ ನಿಂಬೆಹಣ್ಣು ಚುಚ್ಚಿದ ಚಾಕು ಹಿಡಿದೇ ಇರಬೇಕು. ತಲೆಯ ಮೇಲೆ ಅಕ್ಕಿಕಾಳು ಬಿದ್ದು ಮದುವೆಯಾಗುವ ತನಕ ನೆಲಕ್ಕಿಡುವಂತಿಲ್ಲ, ಇಟ್ಟರೆ ದೃಷ್ಟಿ ತಾಗುತ್ತದೆ. ಮದುಮಕ್ಕಳ ಮನೆಯವರು ನನ್ನದನ್ನೇ ಕೇಳಿ ಒಯ್ಯತೊಡಗಿದರು. ನಿಂಬೆ ರಸಕ್ಕೆ ಅಲಗು ಕಪ್ಪಾಗಿ ವಾಪಸು ಬರುತ್ತಿತ್ತು. ಬೂದಿ ಹಾಕಿ ತಿಕ್ಕುತ್ತ ಇತಿಹಾಸ ಬಾಯಿಪಾಠ ಮಾಡಿದ್ದೇನೆ. ಮಾಮಾನ ಮಗನ ಮದುವೆಗೂ ಅದೇ ಹೋಯಿತು. ಕೇಳಲು ಮಾಮಾ ಬರಲಿಲ್ಲ, ಮಾಮಿಯನ್ನು ಕಳಿಸಿದ.

ಇಂಗ್ಲಿಷ್ ಪೇಪರ್ ನನ್ನನ್ನು ಎರಡು ಸಲ ಕೆಡವಿತು. ಮೂರನೆಯ ಸಲ ನಾನು ಅದನ್ನು ಕೆಡವಿದೆ. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವರೇ ಇರಲಿಲ್ಲ. ಅಥಣಿಯ ಕಾಲೇಜಿನಲ್ಲಿ ಪದವಿ ಪ್ರದಾನದ ದಿನ ಬೆಳಿಗ್ಗೆ ಆಯಿ, ಅಂದರೆ ಅವ್ವನ ಅವ್ವ, ದೊಡ್ಡ ಚಾಕುವಿಗೆ ನಿಂಬೆಹಣ್ಣು ಚುಚ್ಚಿ ತಂದಳು.

"ಮದಲಿಂಗಗ ಮಂದಿ ಕಣ್ಣ ಬೀಳ್ತಾವು ಅಂದ್ರ ನಿನಗ ಬೀಳೂದಿಲ್ಲೇನು? ಹಿಡಿ ಬೇ. ಕಾಗದ ಕೈಗೆ ಬರೂತನಕ ನೆಲಕ್ಕ ಇಡಬ್ಯಾಡ."

ರೇಷ್ಮೆ ಸೀರೆ, ಕೈಯಲ್ಲಿ ಚಾಕು. ಬಸ್ಸಿನಲ್ಲಿ ಸೀಟು ಬೇಗ ಸಿಕ್ಕಿತು.

ದೊಡ್ಡ ಅತಿಥಿಗಳು ಬರುತ್ತಾರೆಂದು ಆವತ್ತು ಕಾಲೇಜಿನ ಗೇಟಿಗೆ ಕಾವಲು ಹಾಕಿದ್ದರು. ಕಾವಲುಗಾರ ನನ್ನನ್ನು ನೋಡಿದ, ನಿಂಬೆಹಣ್ಣು ನೋಡಿದ, ಮದುವೆಯ ಮಂಗಲ ಕಾರ್ಯಾಲಯ ಮುಂದಿನ ಓಣಿಯಲ್ಲಿದೆ ಎಂದು ಮರ್ಯಾದೆಯಿಂದ ದಾರಿ ತೋರಿಸಿದ. ಡಿಗ್ರಿಗೆ ಬಂದಿದ್ದೇನೆ ಎಂದ ಮೇಲೆ ಚಾಕು ಒಳಗೆ ಬಿಡುವುದಿಲ್ಲ ಎಂದ. ಚಾಕು ಇಲ್ಲದೆ ಹುಡುಗಿಯನ್ನು ಬಿಡುವುದಿಲ್ಲ ಎಂದು ಆಯಿ ನಿಂತಳು. ಒಳಗೆ ಮೈಕಿನಲ್ಲಿ ಹೆಸರು ಕೂಗುವುದು ಶುರುವಾಗಿತ್ತು. ಕೂಗಿದಾಗ ಇಲ್ಲದವರ ಸರ್ಟಿಫಿಕೇಟು ಆಫೀಸಿಗೆ ಹೋಗುತ್ತದೆ, ಆಮೇಲೆ ಕಿಟಕಿಯಲ್ಲಿ ಕೈ ಹಾಕಿ ತಗೊಳ್ಳಬೇಕು. ವೇದಿಕೆಯ ಮೇಲೆ ಅದು ನನ್ನ ಕೈಗೆ ಬರುವುದನ್ನು ನೋಡಬೇಕೆಂದೇ ಆಯಿ ಮೊಣಕಾಲು ನೋವು ಹೊತ್ತು ಬಂದಿದ್ದಳು.

ಮನೆಯವರು ಯಾರಾದರೂ ಹೊರಗೆ ಹಿಡಿದು ನಿಂತರೆ ನಡೆಯುತ್ತದೆಯೇ ಎಂದು ಅವ್ವ ಕೇಳಿದಳು. ನೆಲಕ್ಕಿಡದಿದ್ದರೆ ನಡೆಯುತ್ತದೆ ಎಂದಳು ಆಯಿ. ಮಾಮಾ ಗುಲಾಬಿ ರುಮಾಲು ಸುತ್ತಿಕೊಂಡು, ಈ ಡಿಗ್ರಿ ನಿಜವೋ ಸುಳ್ಳೋ ಕಣ್ಣಾರೆ ನೋಡಿಯೇ ಬಿಡುತ್ತೇನೆ ಎಂದು ನಮ್ಮ ಜೊತೆ ಬಂದಿದ್ದ. ಏನೋ ಗೊಣಗಿದ. ಚಾಕುವಿಗೆ ಕೈ ಚಾಚಿದ.

ನನ್ನ ಹೆಸರು ಕೂಗಿದರು. ವೇದಿಕೆ ಹತ್ತಿ ಕಾಗದ ತಗೊಂಡು ಆಯಿಗೆ ಕಾಣುವಂತೆ ಎತ್ತಿ ಹಿಡಿದೆ. ಆಯಿ ಕೂತಲ್ಲಿಂದಲೇ ದೃಷ್ಟಿ ತಾಗದಿರಲೆಂದು ಬೆರಳ ನೆಟಿಗೆ ತೆಗೆದಳು.

ಹೊರಗೆ ಬಂದರೆ ಮಾಮಾ ಬಿಟ್ಟ ಜಾಗದಲ್ಲೇ ಬಿಸಿಲಲ್ಲಿ ನಿಂತಿದ್ದ. ಚಹಾದ ಅಂಗಡಿಯವನು ಎರಡನೇ ಸಂಬಂಧವೇನ್ರಿ ಎಂದು ಕೇಳಿದ್ದನಂತೆ. ಯಾರೋ ಒಬ್ಬ ಮಾಸ್ತರರು ಶುಭಾಶಯ ಹೇಳಿ ಹೆಣ್ಣು ಯಾವೂರು ಎಂದಿದ್ದರಂತೆ. ನಿಂಬೆ ರಸ ಅಲಗಿನಿಂದ ಅವನ ಮೊಣಕೈವರೆಗೆ ಇಳಿದಿತ್ತು.

ಸರ್ಟಿಫಿಕೇಟು ಅವನ ಮುಂದೆ ಹಿಡಿದೆ. ಚಾಕು ನನಗೆ ಕೊಟ್ಟು, ಕೈಯನ್ನು ಧೋತರಕ್ಕೆ ಎರಡೆರಡು ಸಲ ಒರೆಸಿಕೊಂಡು, ಅದನ್ನು ತಗೊಂಡ.

"ಇನ್ನ ಚಾಕು ನೀ ಹಿಡಿ ಬೇ," ಎಂದ. "ಇದನ್ನ ಊರತನಕ ನಾ ಹಿಡೀತೀನಿ. ನೆಲಕ್ಕ ಇಡೂದಿಲ್ಲ."