ತೊಂಬತ್ತು ಗ್ರಾಂ ಕಬ್ಬಿಣದ ಪುಡಿ

ನಮ್ಮ ಸಿಂದಗಿಯಲ್ಲಿ ರೇಸ್ ಎಂಜಿನ್ನಿನ ಕನೆಕ್ಟಿಂಗ್ ರಾಡು ಮಾರಿದ ಮೊದಲ ಮನುಷ್ಯ ನಾನು. ಎರಡನೆಯವನು ಇನ್ನೂ ಹುಟ್ಟಿಲ್ಲ. ಆಗ ನನಗೆ ಹದಿನಾರು. ಮೀಸೆ ಬರುವ ಲಕ್ಷಣ ಎಡಗಡೆ ಮಾತ್ರ ಕಾಣಿಸಿತ್ತು. ಇದ್ದ ಒಂದೇ ಬೆಲ್ ಬಾಟಮ್ ಪ್ಯಾಂಟಿನ ಕಾಲುಗಳು ಎಷ್ಟು ಅಗಲ ಅಂದರೆ, ನಾನು ಬಸ್ ಸ್ಟ್ಯಾಂಡಿನಲ್ಲಿ ಒಂದು ಸುತ್ತು ಹಾಕಿದರೆ ಕಸ ಗುಡಿಸುವವಳಿಗೆ ಅರ್ಧ ದಿನದ ರಜೆ. ಇದೆಲ್ಲ ಹೋದ ವರ್ಷದ ಮಾತು. ಈಗ ಮೀಸೆ ಎರಡೂ ಕಡೆ ಬಂದಿದೆ, ಆದ್ದರಿಂದ ನಾನು ಹೇಳುವುದನ್ನು ನಂಬಬಹುದು.

ರಾಡು ಮಾಡಿದವನು ನಾನಲ್ಲ, ನನ್ನ ಮಾಮಾ. ಅಂದರೆ ಅವ್ವನ ತಮ್ಮ. ಅವನೂ ಅಜ್ಜನೂ ಸೇರಿ ಪಂಪ್‌ಸೆಟ್ಟು ರಿಪೇರಿಯ ಅಂಗಡಿ ನಡೆಸುತ್ತಾರೆ. ಒಂದು ಸಲ ಅಜ್ಜ ಅವನನ್ನು ಲೇಥು ತಿರುಗಿಸುವ ಹೊಸ ಪಟ್ಟಾ ತರಲು ಕೊಲ್ಹಾಪುರಕ್ಕೆ ಕಳಿಸಿದ. ಅಲ್ಲಿ ಮೋಟಾರ್‌ಸೈಕಲ್ ರೇಸು ನಡೆದಿತ್ತು. ಮಾಮಾ ಮೂರು ದಿನ ಬಿಟ್ಟು ಬರಿಗೈಯಲ್ಲಿ ಬಂದ.

"ಅಪ್ಪಾ, ಅಲ್ಲಿ ಗಾಡಿ ಓಡೂದಿಲ್ಲ, ಹಾರ್ತಾವ!"

"ಪಟ್ಟಾ ಎಲ್ಲೈತಿ?"

"ಯಾವ ಪಟ್ಟಾ?"

ಅಂದಿನಿಂದ ಅವನಿಗೆ ರೇಸಿನ ಹುಚ್ಚು ಶುರುವಾಯಿತು. ಎಂಜಿನ್ನಿನಲ್ಲಿ ಪಿಸ್ಟನ್ ಎನ್ನುವುದು ಮೇಲೆ ಕೆಳಗೆ ಹಾರಾಡುವ ಅತ್ತೆ, ಕ್ರ್ಯಾಂಕ್ ಎನ್ನುವುದು ಕೆಳಗೆ ಗರಗರ ತಿರುಗುವ ಸೊಸೆ. ನಡುವೆ ಸಿಕ್ಕಿಕೊಂಡು ಇಬ್ಬರಿಂದಲೂ ಎಳೆಸಿಕೊಳ್ಳುವ ಗಂಡಸೇ ಕನೆಕ್ಟಿಂಗ್ ರಾಡು. ಸಾದಾ ಗಾಡಿಯಲ್ಲಿ ಅವನು ದಪ್ಪಗಿದ್ದರೂ ಸಂಸಾರ ನಡೆಯುತ್ತದೆ. ರೇಸಿನಲ್ಲಿ ಒಂದು ನಿಮಿಷಕ್ಕೆ ಸಾವಿರಾರು ಸಲ ಎಳೆಯುತ್ತಾರಲ್ಲ, ಅಲ್ಲಿ ಅವನು ಹಗುರ ಇರಬೇಕು, ಮೈಮೇಲೆ ಒಂದು ಗೀರೂ ಇರಬಾರದು. ಗೀರಿದ್ದಲ್ಲಿಂದಲೇ ಸೀಳಿಹೋಗುತ್ತಾನೆ. ಇದು ಮಾಮಾನ ಪಾಠ. ಅತ್ತೆ ಸೊಸೆ ನಾನು ಸೇರಿಸಿದ್ದು.

ಮಾಮಾ ವಿಜಾಪುರದಿಂದ ಕಂಪನಿಯ ಮೂರು ರಾಡು ತಂದ. ತಲಾ ಅರ್ಧ ಕಿಲೋ. ನಾಲ್ಕು ತಿಂಗಳು ಅರ ಹಾಕಿ ಉಜ್ಜಿದ, ಸಾಣೆ ಹಿಡಿದ, ಲೇಥಿಗೆ ಬಟ್ಟೆಯ ಚಕ್ರ ಸಿಕ್ಕಿಸಿ ಹೊಳಪು ಕೊಟ್ಟ. ತೂಕ ನೋಡಲು ಪಕ್ಕದ ಅಕ್ಕಸಾಲಿಗನ ಬೆಳ್ಳಿ ತಕ್ಕಡಿಯೇ ಆಗಬೇಕು. ದಿನಕ್ಕೆ ಎರಡು ಸಲ ಮಾಮಾ ಏನನ್ನೋ ಬಟ್ಟೆಯಲ್ಲಿ ಸುತ್ತಿಕೊಂಡು ಅಕ್ಕಸಾಲಿಗನ ಮನೆಗೆ ಓಡುವುದನ್ನು ನೋಡಿ, ನಮಗೆ ನಿಧಿ ಸಿಕ್ಕಿದೆ ಎಂದು ಅರ್ಧ ಊರು ಮಾತಾಡಿತು. ಉಳಿದ ಅರ್ಧಕ್ಕೆ ನಾನೇ ಹೇಳಿದೆ. ಕಡೆಗೆ ಒಂದೊಂದು ರಾಡೂ ನಾನೂರಾ ಹತ್ತು ಗ್ರಾಮಿಗೆ ಇಳಿಯಿತು. ಎಷ್ಟು ಹೊಳೆಯುತ್ತಿತ್ತೆಂದರೆ ಅಜ್ಜಿ ಅದರಲ್ಲೇ ಮುಖ ನೋಡಿಕೊಂಡು ಕುಂಕುಮ ಹಚ್ಚಿಕೊಂಡಳು.

ಇನ್ನು ಬೆಲೆ. ಕಂಪನಿಯ ರಾಡಿಗೆ ನಲವತ್ತೈದು ರೂಪಾಯಿ. ಮಾಮಾ ತನ್ನದಕ್ಕೆ ಅರವತ್ತು ಎಂದ, ಅದನ್ನೂ ಅಂಜುತ್ತ ಅಂಜುತ್ತ.

"ಅರವತ್ತಂದ್ರ ಪಂಪಿಂದು ಅಂತಾರ. ನೂರಾ ಅರವತ್ತೈದು ಅಂತ ಹೇಳೂಣು. ಐದು ಬಿಟ್ಟಂಗ ಮಾಡೂಣು" ಎಂದೆ ನಾನು.

"ನೂರಾ ಅರವತ್ತೈದು!" ಮಾಮಾ ಸ್ಟೂಲಿನ ಮೇಲೆ ಕುಳಿತುಬಿಟ್ಟ. "ಯಾವ ಲೆಕ್ಕದಾಗೋ ಅಳಿಯಾ?"

"ನಾಕು ತಿಂಗಳು ನೀ ಉಣ್ಣಲಿಲ್ಲ, ಆ ಲೆಕ್ಕದಾಗ."

ಅಜ್ಜ ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಪಂಪ್‌ಸೆಟ್ಟುಗಳು ಅಂಗಳದಲ್ಲಿ ಸಾಲಾಗಿ ಬಿದ್ದಿದ್ದವು, ರೈತರು ಬಂದು ಬೈದು ಹೋಗುತ್ತಿದ್ದರು. ಅಜ್ಜ ಹೇಳಿದ, "ಬರೂ ಅಮಾಸಿ ಒಳಗ ಈ ರಾಡಿನಾಗ ಒಂದು ಮಾರ್ರಿ. ನೂರೈವತ್ತಕ್ಕ ಒಂದ್ ರೂಪಾಯಿ ಕಡಿಮಿ ಆದ್ರೂ ನಾ ಒಪ್ಪೂದಿಲ್ಲ. ಆಗಲಿಲ್ಲಂದ್ರ ಲೇಥ್ ಇಂಡಿ ಸಾವ್ಕಾರಗ ಕೊಡ್ತೇನಿ. ಅಂವ ಎರಡು ಸಲ ಕೇಳ್ಯಾನ."

ಮಾಮಾ ಲೇಥಿನ ಮೇಲೆ ಕೈ ಇಟ್ಟುಕೊಂಡು ನಿಂತ. ಆ ಲೇಥಿನ ಮುಂದೆ ಅವನು ಮಿಸ್ತ್ರಿ. ಅದು ಹೋದರೆ ಅಜ್ಜನ ಹಿಂದೆ ನಟ್ಟು ಬಿಚ್ಚುವ ಪಾನಾ ಹಿಡಿದು ನಿಲ್ಲುವ ಮಗ, ಅಷ್ಟೆ. ಇಷ್ಟನ್ನು ಮಾತ್ರ ನಾನು ಉಬ್ಬಿಸದೆ ಬರೆಯುತ್ತಿದ್ದೇನೆ.

ಮಾರಾಟದ ಜವಾಬ್ದಾರಿ ನಾನೇ ಹೊತ್ತೆ. ರಾಡನ್ನು ಅಜ್ಜಿಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಕೆಂಪು ಬಸ್ಸು ಹತ್ತಿದೆ.

ಮೊದಲು ಇಂಡಿ. ಅಲ್ಲಿ ನಿಂಬೆಹಣ್ಣಿನ ವ್ಯಾಪಾರಿಯೊಬ್ಬರಿಗೆ ದೊಡ್ಡ ಮೋಟಾರ್‌ಸೈಕಲ್ ಇತ್ತು. ಅವರು ರಾಡನ್ನು ನಿಂಬೆಹಣ್ಣಿನ ಹಾಗೆ ಹಿಚುಕಿ ನೋಡಿದರು, ಮೂಸಿ ನೋಡಿದರು.

"ಚಲೋ ಐತಿ. ಇದನ್ನ ಹಾಕಿದ್ರ ಗಾಡಿ ಎಷ್ಟು ಜೋರ್ ಹೋಕ್ಕೈತಿ?"

"ಇಲ್ಲಿ ಕಿಕ್ ಹೊಡದ್ರ ವಿಜಾಪುರದಾಗ ಬ್ರೇಕ್ ಹಾಕಬೇಕ್ರಿ."

"ಹಂಗಾರ ಬ್ಯಾಡ ತಮ್ಮಾ. ಹಿಂದ ನಮ್ಮ ಮನಿಯವರು ಕೂಡ್ತಾರ, ನಡುವ ಎಲ್ಲೆರ ಉದುರಿದ್ರ ಮಾವನ ಮನಿಯವರಿಗೆ ಏನ್ ಹೇಳ್ಲಿ?"

ಮಜ್ಜಿಗೆ ಕುಡಿಸಿ ಕಳಿಸಿದರು.

ಆಮೇಲೆ ಮುದ್ದೇಬಿಹಾಳ. ಮಾರ್ಕೆಟ್ ಯಾರ್ಡಿನ ಎದುರು ಬಿಡಿಭಾಗದ ಅಂಗಡಿ. ಅಂಗಡಿಯವರು ಬೆಲೆಯೊಂದನ್ನು ಬಿಟ್ಟು ನನ್ನ ಮಾತು ಕೇಳಲೇ ಇಲ್ಲ. ತಕ್ಕಡಿಯ ಒಂದು ಕಡೆ ಕಂಪನಿಯ ರಾಡು ಇಟ್ಟರು, ಇನ್ನೊಂದು ಕಡೆ ನಮ್ಮದು. ನಮ್ಮದು ಆಕಾಶಕ್ಕೆ ಏರಿತು. ನಾನು ಹೆಮ್ಮೆಯಿಂದ ನಕ್ಕೆ. ಅವರು ನಗಲಿಲ್ಲ.

"ತೊಂಬತ್ತು ಗ್ರಾಂ ಕಡಿಮಿ ಐತಿ. ಮಾಲ್ ಕದ್ದು, ಮ್ಯಾಲ ನೂರಾ ಇಪ್ಪತ್ತು ರೂಪಾಯಿ ಹೆಚ್ಚಿಗಿ ಕೇಳ್ತಿಯಲ್ಲ, ಯಾರ ಮಗನೋ ನೀ?"

"ಹಗುರ ಇದ್ದಷ್ಟೂ ರೇಟ್ ಜಾಸ್ತಿರೀ ಇದಕ್ಕ."

"ಹೌದಾ? ಹಂಗಾರ ನಿನ್ನ ತಲಿಗೆ ಲಕ್ಷ ರೂಪಾಯಿ ಬರ್ತೈತಿ, ಅದನ್ನ ಮಾರು ಹೋಗು."

ಅಲ್ಲಿದ್ದ ಹಮಾಲರೆಲ್ಲ ನಕ್ಕರು. ಮಾತು ಚೆನ್ನಾಗಿತ್ತು, ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಹೊಳೆಯಿತು, ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ.

ಉಳಿದದ್ದು ಬಸವನ ಬಾಗೇವಾಡಿ. ಅಲ್ಲಿ ಎತ್ತಿನ ದಲಾಲರೊಬ್ಬರಿದ್ದರು. ಎತ್ತಿನ ಓಟದ ಶರ್ಯತ್ತು ಗೆದ್ದು ಗೆದ್ದು ಬೇಸರ ಬಂದು, ಈಗ ಮುಳವಾಡದ ಕಡೆಯ ಬಯಲಿನಲ್ಲಿ ಮೋಟಾರ್‌ಸೈಕಲ್ ಶರ್ಯತ್ತಿಗೆ ಇಳಿದಿದ್ದರು. ಹಿಂದಿನ ಸಲ ಸೋತಿದ್ದರಂತೆ. ಅಂದಿನಿಂದ ಮೀಸೆಗೆ ಎಣ್ಣೆ ಹಚ್ಚಿರಲಿಲ್ಲ. ನಾನು ರಾಡು ಬಿಚ್ಚಿ ತೋರಿಸಿದೆ. ಅವರು ಅದರ ಬೆನ್ನು ಸವರಿದರು, ಕಲ್ಲಿಗೆ ಬಡಿದು ಕಿವಿಗೆ ಹಿಡಿದರು, ಸಣ್ಣ ತೂತಿನಲ್ಲಿ ಕಣ್ಣಿಟ್ಟು ನೋಡಿದರು. ಹಲ್ಲು ಎಣಿಸುವುದೊಂದು ಬಾಕಿ.

"ಶರ್ಯತ್ತಿನ ಎತ್ತು ಮೈತುಂಬ ಇರಬಾರ್ದು. ಹಗುರ ಇರಬೇಕು, ನರಾ ಗಟ್ಟಿ ಇರಬೇಕು. ಇದು ಅಂಥಾದ್ದು" ಎಂದರು.

ನನ್ನ ಕಣ್ಣು ತುಂಬಿ ಬಂತು. ಮೂರು ತಾಲೂಕು ತಿರುಗಿದ ಮೇಲೆ ಒಬ್ಬ ತಿಳಿದ ಮನುಷ್ಯ ಸಿಕ್ಕಿದ್ದ!

"ಅದಿರ್ಲಿ ತಮ್ಮಾ, ಕಡದು ತಗದ ಕಬ್ಬಿಣ ಎಲ್ಲೈತಿ?"

"ಆಂ?"

"ಅಕ್ಕಸಾಲಿಗ ಬಂಗಾರ ಕಡದ್ರ ಪುಡಿ ತಿರುಗಿ ಕೊಡೂದಿಲ್ಲೇನು? ಅರ್ಧ ಕಿಲೋ ಮಾಲಿಂದು ರೊಕ್ಕ ಕೊಟ್ಟು ಅದರಕಿಂತ ಕಡಿಮಿ ಒಯ್ಯಾಕ ನಾ ಏನ್ ಕುಡದೀನೇನು?"

ನಾನು ಸುಳ್ಳು ಹೇಳುವವನಲ್ಲ. ನಿಜವನ್ನು ಸ್ವಲ್ಪ ಮುಂಚೆ ಹೇಳುತ್ತೇನೆ. "ಐತ್ರಿ! ರಾಡಿಗೊಂದು ಪೊಟ್ಟಣ ಕಟ್ಟಿ ಇಟ್ಟೇವ್ರಿ. ನಾಡಿದ್ದು ಮಿಸ್ತ್ರಿ ಜೋಡಿ ತರ್ತೇನ್ರಿ" ಎಂದೆ.

ಮನೆಗೆ ಬಂದು ಪುಡಿ ಹುಡುಕಿದರೆ ಎಲ್ಲಿದೆ? ಗಿಡಕ್ಕೆ ಕಬ್ಬಿಣ ಒಳ್ಳೆಯದೆಂದು ಅಜ್ಜಿ ಅದನ್ನೆಲ್ಲ ಕರಿಬೇವಿನ ಬುಡಕ್ಕೆ ಸುರಿದಿದ್ದಳು. ರೇಸ್ ಎಂಜಿನ್ನಿನ ಕಾಲು ಭಾಗವನ್ನು ನಾವು ಒಗ್ಗರಣೆಯಲ್ಲಿ ತಿಂದು ಮುಗಿಸಿದ್ದೆವು. ಆದ್ದರಿಂದ ಅಜ್ಜ ಕೆಲಸ ಮಾಡುವ ಕಟ್ಟೆಯ ಕೆಳಗೆ ಅಯಸ್ಕಾಂತ ಆಡಿಸಿದೆ. ಪಂಪಿನ ಪುಡಿ, ಕುಡಗೋಲಿನ ಪುಡಿ, ಬಕೆಟ್ಟಿನ ಹಿಡಿಕೆಯ ಪುಡಿ, ಎಲ್ಲ ಬಂತು. ಅಕ್ಕಸಾಲಿಗ ತೊಂಬತ್ತು ಗ್ರಾಂ ತೂಗಿ, ಬಂಗಾರಕ್ಕೆ ಸುತ್ತುವ ಗುಲಾಬಿ ಕಾಗದದಲ್ಲಿ ಕಟ್ಟಿಕೊಟ್ಟ.

ಮಾಮಾ ಅದನ್ನು ನೋಡಿ ಕೆಂಪಾದ. "ಅದು ಕಸ ಐತೋ! ನಾಕು ತಿಂಗಳು ಕುಂತು ತಗದ್ಹಾಕಿದ್ದನ್ನ ಮತ್ತ ಜೋಡಿಗೆ ಕೊಡೂದಂದ್ರ ಏನರ್ಥ?"

"ಮಾಮಾ, ಲೇಥ್ ಬೇಕೋ ಬ್ಯಾಡೋ?"

ಮಾಮಾ ಅಂಗಿ ಹಾಕಿಕೊಂಡ.

ಅಮಾವಾಸ್ಯೆಯ ಹಿಂದಿನ ದಿನ ಬಾಗೇವಾಡಿಯಲ್ಲಿ ದಲಾಲರ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ಕೂಡಿದ್ದರು. ಮಾಮಾ ಮೊದಲು ಅರ್ಧ ತಾಸು ಪಾಠ ಮಾಡಿದ. ಎಲ್ಲರೂ ಅದನ್ನು ಪುರಾಣ ಕೇಳಿದ ಹಾಗೆ ಭಕ್ತಿಯಿಂದ ಕೇಳಿ, ಮುಗಿದ ಕೂಡಲೇ ಮರೆತರು. ಬಳಿಕ ಕಿರಾಣಿ ಅಂಗಡಿಯ ತಕ್ಕಡಿ ಬಂತು. ಒಂದು ಕಡೆ ಕಂಪನಿಯ ರಾಡು, ಇನ್ನೊಂದು ಕಡೆ ನಮ್ಮ ರಾಡು. ನಮ್ಮದು ಮೇಲೆ ಹೋಯಿತು. ನಾನು ಪೂಜಾರಿಯ ಗತ್ತಿನಲ್ಲಿ ಗುಲಾಬಿ ಪೊಟ್ಟಣ ತೆಗೆದು ಅದರ ಪಕ್ಕಕ್ಕಿಟ್ಟೆ. ಮುಳ್ಳು ನಡುವೆ ಬಂದು ನಿಂತಿತು.

"ಹಾಂ! ಈಗ ಬರೋಬರಿ ಆತು" ಎಂದರು ದಲಾಲರು. "ಮಿಸ್ತ್ರಿ ನಿಯತ್ತಿನ ಮನಿಷಾ ಅದಾನ."

ನಿಯತ್ತಿನ ಮನುಷ್ಯ ತಲೆ ತಗ್ಗಿಸಿ ಕುಳಿತಿದ್ದ.

ಈಗ ಬೆಲೆ. ನಾನು ಮುಂದೆ ಬಂದು ಗಂಟಲು ಸರಿಮಾಡಿಕೊಂಡೆ. ದಲಾಲರು ನನ್ನನ್ನು ಪಕ್ಕಕ್ಕೆ ಸರಿಸಿ ಹೆಗಲ ಮೇಲಿನ ಟಾವೆಲ್ ಬಿಡಿಸಿದರು. ಎತ್ತಿನ ವ್ಯಾಪಾರದ ಪದ್ಧತಿ: ಟಾವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಬೆಲೆ ಹೇಳಬೇಕು, ಬಾಯಿ ಬಿಡಬಾರದು. ಮೊದಲು ಹಿಡಿದ ಬೆರಳು ನೂರರ ಲೆಕ್ಕ, ಆಮೇಲೆ ಹಿಡಿದವು ಹತ್ತರ ಲೆಕ್ಕ. ಇದು ನನಗೆ ಗೊತ್ತು, ಮಾಮಾನಿಗೆ ಗೊತ್ತಿಲ್ಲ. ಆದರೆ ಮೀಸೆ ಪೂರ್ತಿ ಬಾರದವನ ಕೈ ಟಾವೆಲ್ಲಿನೊಳಗೆ ನಡೆಯುವುದಿಲ್ಲವಂತೆ. ಮಾಮಾನ ಕೈ ಒಳಗೆ ಹೋಯಿತು.

ನಾನು ಮೂರು ತಾಲೂಕಿನ ಬೆಲೆ ತಜ್ಞ, ಎದುರಿಗೆ ಒಂದು ಚೌಕಳಿ ಟಾವೆಲ್ ಅಲುಗಾಡುವುದನ್ನು ನೋಡುತ್ತ ನಿಂತೆ. ಮಾಮಾನ ಮುಖ ವಿಚಿತ್ರವಾಯಿತು. ತುಟಿ ಕಚ್ಚಿದ. ಒಮ್ಮೆಲೇ ಕೈ ಹೊರಗೆ ಕಿತ್ತುಕೊಂಡ. ದಲಾಲರ ಹುಬ್ಬು ಏರಿತು. ಮತ್ತೆ ಕೈ ಹೋಯಿತು, ಮತ್ತೆ ಕಿತ್ತುಕೊಂಡ. ಮೂರನೆಯ ಸಲವೂ ಅಷ್ಟೆ. ಮಂದಿ ಗುಜುಗುಜು ಶುರು ಮಾಡಿದರು. ನಾಲ್ಕನೆಯ ಸಲ ಕೈ ಒಳಗೇ ನಿಂತಿತು. ಮಾಮಾ ನಿಟ್ಟುಸಿರು ಬಿಟ್ಟು ತಲೆಯಾಡಿಸಿದ.

"ಮುಗೀತು" ಎಂದರು ದಲಾಲರು.

"ಎಷ್ಟಕ್ಕ ಮಾಮಾ?" ಎಂದು ಕಿವಿಯಲ್ಲಿ ಕೇಳಿದೆ.

"ನನಗೇನ್ ಗೊತ್ತೋ!"

ಇವನು ಎಂಬತ್ತಕ್ಕೆ ಒಪ್ಪಿದ್ದರೆ? ಲೇಥು ಇಂಡಿಗೆ ಹೊರಡುವುದು, ಮಾಮಾ ಅದರ ಹಿಂದೆ ಅಳುತ್ತ ಓಡುವುದು, ಎಲ್ಲ ಕಣ್ಣ ಮುಂದೆ ಬಂತು. ದಲಾಲರು ನೋಟುಗಳನ್ನು ಒಂದೊಂದಾಗಿ ಮಾಮಾನ ಅಂಗೈಗೆ ಇಟ್ಟರು. ನೂರಕ್ಕೆ ನಿಲ್ಲಿಸಿ ಎಲೆ ಅಡಿಕೆ ಹಾಕಿಕೊಂಡರು. ಆ ಎಲೆಗೆ ಸುಣ್ಣ ಹಚ್ಚಲು ಅವರು ತೆಗೆದುಕೊಂಡ ಹೊತ್ತಿನಲ್ಲಿ ನನ್ನ ಬಲಗಡೆಯ ಮೀಸೆ ಬಂದಿತು ಎಂದೇ ನನ್ನ ನಂಬಿಕೆ. ಆಮೇಲೆ ಮತ್ತೆ ಇಟ್ಟರು. ನೂರೈವತ್ತು. ಮೇಲೊಂದು ರೂಪಾಯಿ, ಶುಭಕ್ಕೆ.

"ಭಾಳ ಖಡಕ್ ಅದಾನ್ರಿ ಈ ಮಿಸ್ತ್ರಿ" ಎಂದು ದಲಾಲರು ಮಂದಿಗೆ ಹೇಳಿದರು. "ನೂರಾ ಇಪ್ಪತ್ತು ಅಂದೆ, ಕೈ ಕಿತಗೊಂಡ. ಮೂವತ್ತು ಅಂದೆ, ಕಿತಗೊಂಡ. ನಲವತ್ತಕ್ಕೂ ಬಗ್ಗಲಿಲ್ಲ. ಐದೂ ಬೆರಳು ಗಟ್ಟ್ಯಾಗಿ ಹಿಡದ ಮ್ಯಾಲೇ ಒಪ್ಪಿದ."

ಬಸ್ಸಿನಲ್ಲಿ ಮಾಮಾ ನಿಜ ಹೇಳಿದ: "ಎರಡು, ಮೂರು, ನಾಕು ಬೆರಳು ಹಿಡದ್ರ ಕಚಗುಳಿ ಆಗ್ತಿತ್ತೋ ಅಳಿಯಾ. ಪೂರಾ ಮುಷ್ಟಿ ಹಿಡದಾಗ ಆಗಲಿಲ್ಲ, ಸುಮ್ನಾದೆ."

ಅಜ್ಜ ನೋಟುಗಳನ್ನು ದೀಪಕ್ಕೆ ಹಿಡಿದು ನೋಡಿದ, ಮಾಮಾನನ್ನೂ ಹಾಗೆಯೇ ನೋಡಿದ. ಇಂಡಿಯ ಸಾಹುಕಾರ ಮರುದಿನ ಬಂದು ಚಹಾ ಕುಡಿದು ಹೋದ.

ಮುಂದೆ ಮಾಮಾ ತಾನೇ ಬಾಗೇವಾಡಿಗೆ ಹೋಗಿ ರಾಡು ಕೂಡಿಸಿ ಬಂದ. ಶರ್ಯತ್ತಿನ ದಿನ ನಾವಿಬ್ಬರೂ ಬಯಲಿಗೆ ಹೋದೆವು. ಐದು ಗಾಡಿ, ಐದು ಊರಿನಷ್ಟು ಧೂಳು. ಧೂಳಿನೊಳಗಿಂದ ಮೊದಲು ಹೊರಬಂದದ್ದು ದಲಾಲರ ಗಾಡಿ, ಹಿಂದಿನವನಿಗಿಂತ ಒಂದು ಎತ್ತಿನ ಉದ್ದ ಮುಂದೆ. ಅವರು ಇಳಿದು, ಅಂಗಿಯ ಒಳಜೇಬಿಗೆ ಕೈ ಹಾಕಿ, ಬೆವರಿಗೆ ಒದ್ದೆಯಾದ ಗುಲಾಬಿ ಪೊಟ್ಟಣ ತೆಗೆದು ಕಣ್ಣಿಗೆ ಒತ್ತಿಕೊಂಡರು.

ಮಾಮಾ ಎದೆ ಹಿಡಿದುಕೊಂಡ. "ಯಜಮಾನ್ರ! ನಾ ಗ್ರಾಂ ಗ್ರಾಂ ಲೆಕ್ಕ ಹಾಕಿ ಹಗುರ ಮಾಡಿದ್ದು, ನೀವು ಅಷ್ಟೂ ಹೊತಗೊಂಡು ಓಡ್ಸೀರಿ?"

"ಮತ್ತ? ರೊಕ್ಕ ಕೊಟ್ಟ ಮಾಲ್ ಮನ್ಯಾಗ ಬಿಟ್ಟು ಬರ್ಲೇನು?"

ಮಾಮಾ ಬೆರಳು ಮಡಚಿ ಏನೋ ಲೆಕ್ಕ ಹಾಕಿದ. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ ಹೇಳಿದ, "ಅಡ್ಡಿಯಿಲ್ಲ ಬಿಡು. ಜೇಬಿನಾಗಿಂದು ಮ್ಯಾಲ ಕೆಳಗ ಹಾರೂದಿಲ್ಲಲ್ಲ."

ಅಲ್ಲೇ ಸೋತ ಇಬ್ಬರು ಉಳಿದ ಎರಡು ರಾಡು ಕೇಳಿದರು. ಬೆಲೆಯ ಮಾತು ಆಮೇಲೆ. ಇಬ್ಬರೂ ಮೊದಲು ಕೇಳಿದ್ದು ಪೊಟ್ಟಣ ಇದೆಯೇ ಎಂದು. ಒಬ್ಬನಂತೂ ದೊಡ್ಡದು ಬೇಕೆಂದ.

ಆ ಪುಡಿ ಯಾವುದರದೆಂದು ದಲಾಲರಿಗೆ ನಾನು ಹೇಳಿಲ್ಲ. ನೀವೂ ಹೇಳಬೇಡಿ. ನಾವು ಮನೆಗೆ ಬಂದಾಗ ಅಜ್ಜಿ ಪೊರಕೆ ಹಿಡಿದು ಲೇಥಿನ ಕೆಳಗೆ ಬಗ್ಗಿದ್ದಳು. ಸುದ್ದಿ ನಮಗಿಂತ ಮುಂಚೆ ಬಸ್ಸಿನಲ್ಲಿ ಬಂದಿತ್ತು. ಅಜ್ಜ ಓಡಿ ಬಂದು ಪೊರಕೆ ಕಸಿದುಕೊಂಡ.

"ಕರಿಬೇವಿಗೆ ಹಾಕೀಯ, ಹುಷಾರ್!" ಎಂದವನೇ ಬಿಸ್ಕೀಟಿನ ಡಬ್ಬಿ ತಂದು ನೆಲಕ್ಕೆ ಕುಕ್ಕರಗಾಲಿನಲ್ಲಿ ಕುಳಿತ. ಚಿಟಿಕೆ ಚಿಟಿಕೆಯಾಗಿ ಪುಡಿ ತುಂಬುತ್ತ ನನ್ನ ಕಡೆ ತಿರುಗಿ ಕೇಳಿದ, "ಲೇ ತಮ್ಮಾ, ರೇಟ್ ಹಚ್ಚೂದು ನಿನಗ ಗೊತ್ತೈತಲ್ಲ, ಇದಕ್ಕ ಬ್ಯಾರೇನ ಎಷ್ಟು ಹಚ್ಚೂಣು?"