ಎದೆಗವಚದ ಮುಂದೆ ಒಂದು ಎಡೆ

ಮೈಸೂರು, ಮಹಾಲಯ ಅಮಾವಾಸ್ಯೆ.

ನಾನು ಇಳಿದುಕೊಂಡಿರುವ ಯಾದವಗಿರಿಯ ಈ ಬಂಗಲೆಯನ್ನು ಗೆಳೆಯನ ಮನೆಯವರು ಸ್ವರಾಜ್ಯ ಬಂದ ವರ್ಷ, ಊರಿಗೆ ಹೊರಟ ಇಂಗ್ಲಿಷಿನವನೊಬ್ಬನಿಂದ ಸಾಮಾನು ಸಮೇತ ಕೊಂಡದ್ದಂತೆ. ನಡುಮನೆಯ ಗೋಡೆಯಲ್ಲಿ ಅವನು ಬಿಟ್ಟುಹೋದ ಹಳೆಯ ಯುರೋಪಿನ ಉಕ್ಕಿನ ಎದೆಗವಚ. ಅದರ ನಡುವೆ ಗುಂಡು ಬಡಿದ ಗುಳಿ. ಇವತ್ತು ಗೆಳೆಯನ ತಾಯಿ ನಂಜಮ್ಮನವರು ಹಿರಿಯರಿಗೆ ಎಡೆ ಇಟ್ಟ ಮೇಲೆ ಅದರ ಕೆಳಗೂ ಒಂದು ಎಲೆ ಹಾಕಿ ಬಡಿಸಿದರು.

“ಯಾರ ಮಗನೋ, ಎದೆಗೆ ಗುಂಡು ತಿಂದವ್ನೆ. ಇಲ್ಲಿ ಅವನಿಗೆ ಯಾರವ್ರೆ? ವರ್ಷವರ್ಷವೂ ನಾನೇ ಇಡ್ತೀನಿ ಕಣಪ್ಪ.”

ನಾನು ನಕ್ಕುಬಿಟ್ಟೆ. “ಯಾರೂ ಸತ್ತಿಲ್ಲಮ್ಮ. ಗುಂಡು ತಡೆಯುತ್ತೆ ಅಂತ ತೋರಿಸೋಕೆ, ಮಾರೋ ಮುಂಚೆ ಮಾಡಿದವನೇ ಹೊಡೆದ ಗುರುತು ಅದು. ನೋಡಿ, ತೂತೇ ಆಗಿಲ್ಲ.”

ಅವರು ಪೆಚ್ಚಾಗುವುದನ್ನು ನೋಡಲು ಕಾದೆ.

ಅವರ ಮುಖ ಅರಳಿತು. “ಅವನಿಗೇನೂ ಆಗಿಲ್ವಂತೆ ಕಣೇ!” ಎಂದು ಒಳಗಿದ್ದ ಸೊಸೆಗೆ ಕೂಗಿ ಹೇಳಿದರು, ಸ್ವಂತ ಮಗನ ಸುದ್ದಿ ಬಂದ ಹಾಗೆ. ಆಮೇಲೆ ಆ ಎಲೆಯನ್ನೇ ಎತ್ತಿ ನನ್ನ ಮುಂದಿಟ್ಟರು.

“ಒಳ್ಳೆ ಸುದ್ದಿ ಹೇಳ್ಬುಟ್ಟೆ. ಕೂತ್ಕೊ, ನೀನೇ ಊಟ ಮಾಡಪ್ಪ.”

ವಡೆ ಮೇಲೆ ವಡೆ ಬಡಿಸುತ್ತಲೇ ಇದ್ದರು. ಬೇಡ ಎನ್ನುವುದಕ್ಕೂ ತಲೆ ಎತ್ತಲಾಗದೆ ತಿನ್ನುತ್ತಲೇ ಇದ್ದೆ.