ಉಚ್ಚೆಂಗೆಪ್ಪನ ವಿಮಾನದ ಅಂಗಿ

ನಮ್ಮಣ್ಣ ಉಚ್ಚೆಂಗೆಪ್ಪನಂಥ ಗಟ್ಟಿ ಮನಷಾ ನಮ್ಮೂರು ಕರೂರಾಗ ಇನ್ನೊಬ್ಬ ಇರಲಿಲ್ಲ, ಅವನಷ್ಟು ಪುಕ್ಕಲನೂ ಇರಲಿಲ್ಲ. ಸಿರುಗುಪ್ಪದ ರೈಸ್ ಮಿಲ್ಲಿನ ಲಾರಿ ನಡಸ್ತಿದ್ದ. ಸೊಂಡೂರು ಘಾಟಿನಾಗ ಬ್ರೇಕ್ ಹಿಡೀದಿದ್ರೂ ಅಂಜದ ಗಂಡಸು, ಮಗಳನ್ನ ನೋಡಾಕ ಗಂಡಿನೋರು ಬಂದ್ರ ಮಾತ್ರ ಹಿತ್ತಲಕ್ಕ ಓಡಿಹೋಗ್ತಿದ್ದ.

ಯಾಕಂದ್ರ ಬಣ್ಣ. ನಮ್ಮ ಮನಿತನನ ಕಪ್ಪು. ನಾನೂ ಅಷ್ಟ, ಅಣ್ಣ ಅಂತೂ ಹಂಚಿನ ತಳ. ಅತ್ತಿಗಿ ಸುವರ್ಣಮ್ಮ ಬೆಳ್ಳಗ ಅದಾಳ, ಆದ್ರ ಇದ್ದೊಬ್ಬ ಮಗಳು ಪಾರಮ್ಮ ಅಪ್ಪನ ಪಡಿಯಚ್ಚು. ಆಗಲೇ ಎರಡು ಕಡೆಯೋರು ನೋಡಿ, ಹುಡುಗಿ ಬಣ್ಣ ಕಡಿಮಿ ಅಂದು ಹೋಗಿದ್ರು.

"ನನ್ನ ಮುಖ ಕಂಡ್ರ ಕೂಸಿನ ಬಣ್ಣ ಇನ್ನಷ್ಟು ಎದ್ದು ಕಾಣ್ತತಿ, ಪಕ್ಕೀರಿ. ನಾನು ಮುಂದ ಬರದಿದ್ರನ ಚಲೋ," ಅಂತ ನನಗ ಹೇಳ್ತಿದ್ದ.

ಎಂಬತ್ತಾರನೇ ಇಸವಿ. ಬಳ್ಳಾರಿಗೆ ಅಕ್ಕಿ ಇಳಸಾಕ ಹೋದಾಂವ, ರಸ್ತಿ ಮಗ್ಗಲ ಗುಡ್ಡಿ ಹಾಕಿ ಮಾರ್ತಿದ್ದ ಪರದೇಶದ ಹಳೇ ಅರಿವಿಯೊಳಗಿಂದ ಒಂದು ಟೀಶರ್ಟ್ ಆರಿಸಿಕೊಂಡು ಬಂದ. ಎದಿ ಮ್ಯಾಲೆ ಒಂದು ವಿಮಾನ. ಅದರ ಮುಂದ ಕನ್ನಡಕ ಹಣಿಗೇರಿಸಿ ನಿಂತ ನಾಕು ಮಂದಿ, ಎಲ್ಲಾರೂ ಕಪ್ಪಗ. ಕೆಳಗ ಇಂಗ್ಲಿಷ್. ಪಾರಿ ಮೆಟ್ರಿಕ್ ಪಾಸಾಗಿದ್ಲು, ಓದಿ ಹೇಳಿದ್ಲು: ಮಹಾಯುದ್ಧದಾಗ ವಿಮಾನ ಹಾರಿಸಿದ ಅಮೆರಿಕಾದ ಕರಿ ಸಿಪಾಯಿಗಳ ನೆನಪಿಗೆ ಮಾಡಿಸಿದ ಅಂಗಿ ಅಂತ ಅದು.

"ಯಣ್ಣಾ, ಇವರು ನಿನ್ನ ಬೀಗರೇನೋ?" ಅಂತ ಕಾಡಿದೆ.

ಅವ ನಗಲಿಲ್ಲ. "ಕಪ್ಪು ಮುಖಾನ ಹಿಂಗ ಅಚ್ಚು ಹಾಕಿ ಮೆರಸ್ತಾರ ಅಂತ ನನಗ ಗೊತ್ತಿರಲಿಲ್ಲ ನೋಡು," ಅಂದ. ಆಮ್ಯಾಗ ಆ ಅಂಗಿ ಅವನ ಮೈಮ್ಯಾಲಿಂದ ಇಳೀಲೇ ಇಲ್ಲ, ಒಗಿಯಾಕ ಕೊಡಬೇಕಾದ್ರೂ ಜಗಳ.

ಶ್ರಾವಣದಾಗ ಕುರುಗೋಡಿನಿಂದ ಗಂಡಿನೋರು ಬಂದ್ರು. ಸುವರ್ಣಮ್ಮ ಮಗಳ ಮುಖಕ್ಕ ಪೌಡರ್ ಬಳದು ಬಳದು, ಬೂದಿಯಾಗ ಹೊಳ್ಳಾಡಿದ ಬೆಕ್ಕು ಮಾಡಿಟ್ಟಿದ್ಲು. ಅಣ್ಣ ಹಿತ್ತಲದಾಗ ಸೌದಿ ಒಟ್ಟಿನ ಹಿಂದ ಕುಂತಿದ್ದ. "ಮನಿಯವರು ಲಾರಿ ತಗೊಂಡು ಹೋಗ್ಯಾರ್ರಿ," ಅಂತ ಅತ್ತಿಗಿ ಸುಳ್ಳು ಹೇಳಿದ್ಲು.

ಹುಡುಗಿಗೆ ಓದಾಕ ಬರ್ತತೇನು ನೋಡೋಣ ಅಂತ ಗಂಡಿನ ಸೋದರಮಾವ ಪೇಪರ್ ಕೇಳಿದ. ನಮ್ಮ ಮನಿಯಾಗ ಪೇಪರ್ ಎಲ್ಲಿಂದ ಬರಬೇಕು? ಅಷ್ಟರಾಗ ಗಂಡಿನ ತಾಯಿ ಪಾರಿ ಕೈ ಹಿಡದು ತಿರುವಿ ನೋಡಿದ್ಲು. ಕೈಗೆ ಪೌಡರ್ ಇರಲಿಲ್ಲ.

"ತಾಯಿ ಇಷ್ಟು ಬೆಳ್ಳಗ ಅದಾಳ, ನಿನಗ ಇದು ಯಾರ ಬಣ್ಣ ಬಂತವ್ವ?" ಅಂದ್ಲು.

ಪಾರಿ ಕೈ ಬಿಡಿಸಿಕೊಂಡು ಹಿತ್ತಲಕ್ಕ ಎದ್ದುಹೋದ್ಲು. ಕೆಟ್ಟಿತು ಕೆಲಸ ಅಂದ್ಕೊಂಡೆ ನಾನು. ತಿರುಗಿ ಬರುವಾಗ ಮುಖ ತೊಳಕೊಂಡಿದ್ಲು, ಅಪ್ಪನ ರಟ್ಟಿ ಹಿಡಕೊಂಡಿದ್ಲು. ಅವ ಒಲ್ಲೆ ಒಲ್ಲೆ ಅಂತ ಜಗ್ಗತಿದ್ದ.

"ಇವರು ನಮ್ಮಪ್ಪ. ನನ್ನದು ಇವರ ಬಣ್ಣ," ಅಂದ್ಲು. ಸೋದರಮಾವನ ಕಡೆ ತಿರುಗಿ, "ಓದು ಅಂದ್ರಲ್ರಿ?" ಅಂದಾಕಿನ, ಅಪ್ಪನ ಎದಿ ಮ್ಯಾಲೆ ಬೆರಳಿಟ್ಟು ಇಂಗ್ಲಿಷಿನಾಗ ಓದಿ, ಕನ್ನಡದಾಗ ಅರ್ಥ ಹೇಳಿದ್ಲು. ಅಕ್ಷರ ಅಲುಗಾಡಬಾರದು ಅಂತ ಅಣ್ಣ ಅಕಿ ಓದಿ ಮುಗಸೋತನಕ ಉಸಿರು ಹಿಡಕೊಂಡು ನಿಂತಿದ್ದ. ಕಣ್ಣೀರು ಮಾತ್ರ ಹಿಡಿಯಾಕ ಆಗಲಿಲ್ಲ ಅವಗ. ನನಗೂ ಆಗಲಿಲ್ಲ.

ಊರಿಗೆ ಹೋಗಿ ತಿಳಸ್ತೀವಿ ಅಂದು ಹೋದ್ರು, ತಿಳಸಲಿಲ್ಲ. ಹೋಗ್ಲಿ ಬಿಡ್ರಿ, ಅಂಥ ಮನಿ ಯಾರಿಗೆ ಬೇಕಾಗಿತ್ತು! ಅತ್ತಿಗಿ ನಾಕು ದಿನ ಮುಖ ಊದಿಸಿಕೊಂಡಿದ್ಲು, ಆಮ್ಯಾಗ ಪೌಡರ್ ಡಬ್ಬಿ ಎಲ್ಲಿ ಇಟ್ಲೋ, ನಾನು ಮತ್ತ ಕಾಣಲಿಲ್ಲ.

ದೀಪಾವಳಿ ಕಳದ ಮ್ಯಾಲೆ ಕೆಂಚನಗುಡ್ಡದ ಕಡೆಯೋರು ಬಂದ್ರು. ಬಸ್ಸು ನಿಂತ ಸಪ್ಪಳ ಕೇಳಿ ನಾನು ರೂಢಿ ಮ್ಯಾಲೆ ಹಿತ್ತಲ ಬಾಗಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಅಣ್ಣ ತಲಿ ಬಾಚಿಕೊಂಡು, ಅದ ಅಂಗಿ ತೊಟ್ಟು, ಮುಂಬಾಗಿಲಾಗ ನಿಂತಿದ್ದ.

"ಬರ್ರಿ, ಬರ್ರಿ, ಒಳಗ ಬರ್ರಿ," ಅಂತಿದ್ದ. "ನಾನು ಹುಡುಗಿ ಅಪ್ಪ."